ಹಾಸನದಿಂದ ಲಾಲ್‌ಬಾಗ್‌ಗೆ ಒಂದೇ ದಿನದಲ್ಲಿ ಹೋಗಿ ಬರೋಕೆ ರೈಲು, ಬಸ್ಸು, ಕಾರು: ಯಾವುದು ಅನುಕೂಲ?

ಹೇಮಾವತಿ_ದಂಡೆ (ಪ್ರಶ್ನೆ)

ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹಾಸನದಿಂದ ಆರು ಜನ ಹೊರಟಿದ್ದೇವೆ. ನಾಲ್ವರು ದೊಡ್ಡವರು, ಇಬ್ಬರು ಮಕ್ಕಳು. ದೊಡ್ಡವರಲ್ಲಿ ಒಬ್ಬರಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಮೆಟ್ಟಿಲು ಹತ್ತೋದು ಕಷ್ಟ, ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ನಡೀತಾರೆ. ಬೆಳಗ್ಗೆ ಹೊರಟು ರಾತ್ರಿಯೊಳಗೆ ಊರು ಸೇರಬೇಕು.

ಗೊತ್ತಾಗಬೇಕಿರೋದು ಇಷ್ಟು: ಮೆಜೆಸ್ಟಿಕ್‌ವರೆಗೆ ಹೋಗಲೇಬೇಕಾ, ಅದಕ್ಕೂ ಮೊದಲೇ ಇಳಿದು ಮೆಟ್ರೊ ಹಿಡಿಯಬಹುದಾ? ಲಾಲ್‌ಬಾಗ್‌ನ ಯಾವ ಗೇಟಿನಿಂದ ಒಳಗೆ ಹೋದರೆ ನಡಿಗೆ ಕಡಿಮೆ? ಕಾರು ಮಾಡಿಕೊಂಡು ಹೋದರೆ ನಿಲ್ಲಿಸೋದೆಲ್ಲಿ?

ಹಳಿ_ಪಕ್ಕ

ನಿಮ್ಮ ಜೊತೆ ಮಂಡಿ ನೋವಿನವರು ಇದ್ದಾರೆ ಅನ್ನೋದಾದರೆ ಬೇರೆ ಯೋಚನೆ ಬೇಡ, ರೈಲಿಗೆ ಹೋಗಿ. ಹಾಸನದಿಂದ ಬೆಳಗ್ಗೆ ಯಶವಂತಪುರಕ್ಕೆ ಇಂಟರ್‌ಸಿಟಿ ಇದೆ (22680), ಸಂಜೆ ಅದೇ ಗಾಡಿ 22679 ಸಂಖ್ಯೆಯಲ್ಲಿ ವಾಪಸ್. ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ಹೋಗುತ್ತೆ. 2017ರಲ್ಲಿ ಈ ಮಾರ್ಗ ಪೂರ್ತಿಯಾದ ಮೇಲೆ ಅರಸೀಕೆರೆ ಸುತ್ತಿಕೊಂಡು ಹೋಗುವ ಅಗತ್ಯ ತಪ್ಪಿದೆ. ಪ್ರಯಾಣ ಹೆಚ್ಚುಕಡಿಮೆ ಮೂರು ಗಂಟೆಯೊಳಗೆ ಮುಗಿಯುತ್ತೆ. ಹೊರಡುವ ಸಮಯವನ್ನು ಹಿಂದಿನ ದಿನ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಜನರಲ್ ಟಿಕೆಟ್ ಆದರೆ ರೈಲ್ವೆಯ ಆ್ಯಪ್‌ನಲ್ಲಿ ತೆಗೆದುಕೊಂಡರೆ ಕೌಂಟರ್ ಸಾಲು ತಪ್ಪುತ್ತೆ, ಆದರೆ ಹಿರಿಯರಿಗೆ ಮೊದಲೇ ಸೀಟು ಕಾಯ್ದಿರಿಸೋದೇ ಸರಿ. ರಜೆಯ ದಿನ ಚನ್ನರಾಯಪಟ್ಟಣ ದಾಟಿದ ಮೇಲೆ ಜನರಲ್ ಬೋಗಿಯಲ್ಲಿ ನಿಲ್ಲೋಕೂ ಜಾಗ ಸಿಗೋದು ಕಷ್ಟ.

ಯಶವಂತಪುರದಲ್ಲಿ ಇಳಿದ ಮೇಲೆ ಬಹಳ ಜನ ತಪ್ಪೋದು ಒಂದೇ ಕಡೆ. ನಿಲ್ದಾಣಕ್ಕೆ ಎರಡು ದ್ವಾರ. ನಿಮಗೆ ಬೇಕಾಗಿರೋದು ತುಮಕೂರು ರಸ್ತೆ ಕಡೆಯದು. ಮೆಟ್ರೊ ನಿಲ್ದಾಣ ಇರೋದು ಆ ರಸ್ತೆಯಲ್ಲೇ. ಇನ್ನೊಂದು ಕಡೆ ಹೊರಬಿದ್ದರೆ ಆಟೊದವರ ಜೊತೆ ಚೌಕಾಸಿ ಶುರುವಾಗುತ್ತೆ, ಸುತ್ತಿ ಬರೋಕೆ ಸುಮ್ಮನೆ ದುಡ್ಡು. ಪ್ಲಾಟ್‌ಫಾರಂನಲ್ಲೇ ಯಾರನ್ನಾದರೂ "ಮೆಟ್ರೊ ಕಡೆ ಯಾವುದು" ಅಂತ ಕೇಳಿಕೊಂಡು ಹೆಜ್ಜೆ ಇಡಿ.

ಮೆಟ್ರೊದಲ್ಲಿ ಹಸಿರು ಮಾರ್ಗ, "ರೇಷ್ಮೆ ಸಂಸ್ಥೆ" ಅಂತ ಬೋರ್ಡಿರುವ ಪ್ಲಾಟ್‌ಫಾರಂ. ಯಶವಂತಪುರ ಬಿಟ್ಟ ಮೇಲೆ ಹನ್ನೊಂದನೇ ನಿಲ್ದಾಣ ಲಾಲ್‌ಬಾಗ್. ಮೆಜೆಸ್ಟಿಕ್ ಏಳನೆಯದು, ಅಲ್ಲಿ ಜನ ಮುಗಿಬಿದ್ದು ಇಳಿಯುತ್ತಾರೆ, ನೀವು ಏಳಬೇಡಿ. ಗಾಡಿ ಬದಲಿಸೋದಿಲ್ಲ. ಚಿಕ್ಕಪೇಟೆ, ಮಾರ್ಕೆಟ್ ನೆಲದಡಿಯಲ್ಲಿ ಕಳೆದು ನ್ಯಾಷನಲ್ ಕಾಲೇಜಿಗೆ ಬರುವಾಗ ರೈಲು ಮೇಲಕ್ಕೆ ಬರುತ್ತೆ. ಬೆಳಕು ಕಂಡಾಗ ಎದ್ದು ಬಾಗಿಲ ಕಡೆ ಬಂದರೆ ಸರಿಹೋಗುತ್ತೆ, ಮುಂದಿನದೇ ಲಾಲ್‌ಬಾಗ್. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ.

ಟಿಕೆಟ್ಟಿಗೆ ಟೋಕನ್ ಸಾಲಿನಲ್ಲಿ ನಿಲ್ಲಬೇಡಿ. ನಮ್ಮ ಮೆಟ್ರೊ ಆ್ಯಪ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಕ್ಯೂಆರ್‌ನಲ್ಲಿ ಆರು ಜನರವರೆಗೆ ಗುಂಪು ಟಿಕೆಟ್ ಸಿಗುತ್ತೆ. ನೀವು ಸರಿಯಾಗಿ ಆರೇ ಇದ್ದೀರಿ. ಮೂರಡಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಿಸಿದಾಗ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ನಿಮ್ಮದು ಅದರ ಮಧ್ಯದಲ್ಲೆಲ್ಲೋ ಬೀಳುತ್ತೆ.

ಬಿ_ಎಂ_ರಸ್ತೆ

ರೈಲಿನ ಬಗ್ಗೆ ಹೇಳಿದ್ದು ಸರಿ, ಆದರೆ ಅದು ತಪ್ಪಿದರೆ ಆ ಬೆಳಗು ಪೂರ್ತಿ ಕೈಬಿಟ್ಟ ಹಾಗೆ. ಬಸ್ಸಿನಲ್ಲಿ ಆ ಭಯ ಇಲ್ಲ, ಹಾಸನದ ಹೊಸ ಬಸ್ ನಿಲ್ದಾಣದಿಂದ ಬೆಂಗಳೂರಿಗೆ ಒಂದರ ಹಿಂದೆ ಒಂದು ಬಿಡುತ್ತಲೇ ಇರುತ್ತೆ. ದೂರ ಸುಮಾರು 185 ಕಿ.ಮೀ. ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ. ರಾಜಹಂಸ, ಐರಾವತಕ್ಕೆ ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲೇ ಇರಲಿ.

ನೀವು ಕೇಳಿದ ಮೊದಲ ಪ್ರಶ್ನೆಗೆ ಉತ್ತರ: ಮೆಜೆಸ್ಟಿಕ್‌ಗೆ ಹೋಗಬೇಡಿ. ನಮ್ಮ ಕಡೆಯ ಬಸ್ಸು ನೆಲಮಂಗಲದ ಮೇಲೆ ತುಮಕೂರು ರಸ್ತೆಯಲ್ಲೇ ನಗರಕ್ಕೆ ಬರೋದು. ಹಸಿರು ಮಾರ್ಗದ ಮೆಟ್ರೊ ಮಾದಾವರದಿಂದ ಯಶವಂತಪುರದವರೆಗೆ ಅದೇ ರಸ್ತೆ ಹಿಡಿದು ಬರುತ್ತೆ. ಅಂದರೆ ಬಸ್ಸಿನಿಂದ ಇಳಿದು ತಲೆ ಎತ್ತಿದರೆ ಮೆಟ್ರೊ. ಮೆಜೆಸ್ಟಿಕ್‌ವರೆಗೆ ಕೂತರೆ ಗೊರಗುಂಟೆಪಾಳ್ಯದಿಂದಾಚೆ ಅಷ್ಟೂ ಸಿಗ್ನಲ್‌ಗಳಲ್ಲಿ ಸಿಕ್ಕಿಕೊಂಡು ಹೋಗಿ, ಕೊನೆಗೆ ಹತ್ತೋದೂ ಅದೇ ಹಸಿರು ರೈಲನ್ನೇ.

ಎಲ್ಲಿ ಇಳಿಯೋದು ಅನ್ನೋದು ಮಾತ್ರ ಬಸ್ಸಿನ ಮೇಲೆ ನಿಂತಿದೆ. ಪೀಣ್ಯ ಫ್ಲೈಓವರ್ ಹತ್ತುವ ಬಸ್ಸು ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್ ಎರಡನ್ನೂ ಮೇಲಿಂದ ದಾಟಿಬಿಡುತ್ತೆ. "ಜಾಲಹಳ್ಳಿಯಲ್ಲಿ ಇಳಿಸಿ" ಅಂತ ಕಾದು ಕೂತವರು ಮುಂದೆ ಹೋಗಿ ಇಳಿಯೋದು ಇದಕ್ಕೇ. ನೆಲಮಂಗಲ ಬಿಡುವಾಗಲೇ ಕಂಡಕ್ಟರ್ ಹತ್ತಿರ "ಮೇಲೆ ಹೋಗ್ತೀರಾ, ಕೆಳಗೆ ಹೋಗ್ತೀರಾ" ಅಂತ ಕೇಳಿ. ಕೆಳಗೆ ಅಂದರೆ ಜಾಲಹಳ್ಳಿ ಕ್ರಾಸ್‌ನಲ್ಲಿ ಇಳಿಯಿರಿ, ಅಲ್ಲಿಂದ ಲಾಲ್‌ಬಾಗ್ ಹದಿನೈದನೇ ನಿಲ್ದಾಣ. ಮೇಲೆ ಅಂದರೆ ಗೊರಗುಂಟೆಪಾಳ್ಯ, ಅಲ್ಲಿಂದ ಹನ್ನೆರಡು. ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆ ಕೂಡುವುದರಿಂದ ಗಾಡಿಗಳ ನುಗ್ಗಾಟ ಜಾಸ್ತಿ. ರಸ್ತೆ ದಾಟೋಕೆ ಹೋಗಬೇಡಿ. ಮಕ್ಕಳ ಕೈ ಹಿಡಿದು ಫುಟ್‌ಪಾತ್ ಮೇಲೇ ಮೆಟ್ರೊ ಮೆಟ್ಟಿಲವರೆಗೆ ನಡೆಯಿರಿ, ಹಿರಿಯರಿಗೆ ಲಿಫ್ಟ್ ಎಲ್ಲಿ ಅಂತ ಕಾವಲಿನವರನ್ನು ಕೇಳಿ.

ವಾಪಸ್ ಬರುವಾಗ ಮಾತ್ರ ಇದನ್ನು ತಿರುಗಿಸಬೇಡಿ. ದಾರಿ ಮಧ್ಯೆ ಹತ್ತಿದರೆ ಸೀಟು ಸಿಗಲ್ಲ, ಬಸ್ಸು ಮೆಜೆಸ್ಟಿಕ್‌ನಲ್ಲೇ ತುಂಬಿ ಬಂದಿರುತ್ತೆ. ಮೆಜೆಸ್ಟಿಕ್‌ಗೆ ಹೋಗಿ ಹತ್ತಿ, ಇಲ್ಲವೇ ಸೀಟು ಕಾಯ್ದಿರಿಸಿ ಪಿಕಪ್ ಜಾಗ ಗೊರಗುಂಟೆಪಾಳ್ಯ ಅಂತ ಆರಿಸಿಕೊಳ್ಳಿ.

ಹಳಿ_ಪಕ್ಕ

ಬಿ_ಎಂ_ರಸ್ತೆ ಅವರೇ, ಒಂದು ಮಾತು. ಮಂಡಿ ನೋವಿನವರಿಗೆ ಬಸ್ಸಿನ ಮೂರು ಮೆಟ್ಟಿಲು ಇಳಿಯೋದೇ ದೊಡ್ಡ ಕೆಲಸ, ಗೊರಗುಂಟೆಪಾಳ್ಯದಲ್ಲಿ ಹಿಂದಿನ ಗಾಡಿಯ ಹಾರ್ನ್ ಕೇಳುತ್ತಾ ಇಳಿಯೋದು ಇನ್ನೂ ಕಷ್ಟ. ಬಸ್ಸೇ ಆಗೋದಾದರೆ ಈ ಕುಟುಂಬಕ್ಕೆ ಮೆಜೆಸ್ಟಿಕ್ ಪರವಾಗಿಲ್ಲ. ಬಸ್ಸು ಪೂರ್ತಿ ನಿಲ್ಲುತ್ತೆ, ನಿಧಾನಕ್ಕೆ ಇಳಿಯಬಹುದು. ಅಲ್ಲಿ ಹಸಿರು ಮಾರ್ಗದ ಪ್ಲಾಟ್‌ಫಾರಂ ನೇರಳೆಗಿಂತ ಕೆಳಗಿನ ಅಂತಸ್ತಿನಲ್ಲಿದೆ. ಲಿಫ್ಟ್ ಹಿಡಿದರೆ ಆಯಿತು. ಲಾಲ್‌ಬಾಗ್ ಅಲ್ಲಿಂದ ನಾಲ್ಕನೇ ನಿಲ್ದಾಣ.

ಬಿ_ಎಂ_ರಸ್ತೆ

ಒಪ್ಪಿದೆ. ಗಟ್ಟಿಮುಟ್ಟಾದವರಿಗೆ ಗೊರಗುಂಟೆಪಾಳ್ಯ, ಇವರಿಗೆ ರೈಲು, ಅದಿಲ್ಲದಿದ್ದರೆ ಮೆಜೆಸ್ಟಿಕ್.

ಕೆಂಪು_ದಾಸವಾಳ

ಗೇಟಿನ ವಿಷಯ ಇನ್ನೂ ಯಾರೂ ಮುಟ್ಟಿಲ್ಲ, ಆದರೆ ಅರ್ಧ ದಿನ ಹಾಳಾಗೋದು ಅಲ್ಲೇ. ಲಾಲ್‌ಬಾಗ್ 240 ಎಕರೆ. ನಾಲ್ಕು ದಿಕ್ಕಿಗೆ ನಾಲ್ಕು ಗೇಟು. ಒಂದು ಗೇಟಿನಿಂದ ಇನ್ನೊಂದಕ್ಕೆ ಹೊರಗಿನಿಂದ ಸುತ್ತಿ ಬರೋದು ಹಿರಿಯರ ಕೈಲಾಗದ ಮಾತು. "ಲಾಲ್‌ಬಾಗ್ ಗೇಟ್ ಹತ್ತಿರ ಸಿಗೋಣ" ಅಂದುಕೊಂಡ ಎರಡು ಗುಂಪು ಬೇರೆ ಬೇರೆ ಗೇಟಿನಲ್ಲಿ ಕಾಯುತ್ತಾ ನಿಲ್ಲೋದು ಪ್ರತಿ ಪ್ರದರ್ಶನದಲ್ಲೂ ನಡೆಯುತ್ತೆ. ಫೋನಿನಲ್ಲಿ ಗೇಟಿನ ಹೆಸರನ್ನೇ ಹೇಳಿ.

ಮೆಟ್ರೊದಲ್ಲಿ ಬಂದವರಿಗೆ ಪಶ್ಚಿಮ ದ್ವಾರ, ಅಂದರೆ ವೆಸ್ಟ್ ಗೇಟ್. ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಅಲ್ಲಿಂದ ಗಾಜಿನಮನೆಗೆ ಆರಾಮಾಗಿ ಹದಿನೈದು ನಿಮಿಷ ಇಟ್ಟುಕೊಳ್ಳಿ, ದಾರಿ ಡಾಂಬರಿನದು, ಮೆಟ್ಟಿಲು ಹತ್ತಬೇಕಾಗಿಲ್ಲ. ಪ್ರದರ್ಶನದ ಜೀವಾಳ ಗಾಜಿನಮನೆಯೇ. 1889ರಲ್ಲಿ ಅಡಿಗಲ್ಲು ಬಿದ್ದ ಎರಕದ ಕಬ್ಬಿಣದ ಆ ಕಟ್ಟಡವನ್ನು ಹೂವಿನ ಜಂಗುಳಿಯಲ್ಲಿ ಯಾರೂ ತಲೆ ಎತ್ತಿ ನೋಡೋದಿಲ್ಲ, ನೀವು ನೋಡಿ. ಕೆರೆ ಇರೋದು ದಕ್ಷಿಣಕ್ಕೆ.

ಉತ್ತರದ ಮುಖ್ಯದ್ವಾರ ಲಾಲ್‌ಬಾಗ್ ರಸ್ತೆಗೆ ತೆರೆದುಕೊಳ್ಳುತ್ತೆ. ಹೂವಿನ ಗಡಿಯಾರ ಆ ಕಡೆ. ಊಟಕ್ಕೆ ಎಂಟಿಆರ್‌ಗೆ ಹೋಗುವ ಆಸೆ ಇದ್ದರೆ ಈ ಗೇಟಿನಿಂದ ಹೊರಬಿದ್ದು ನಡೆದೇ ಹೋಗಬಹುದು. ಸೋಮವಾರ ಅಲ್ಲಿ ಬಾಗಿಲು ಹಾಕಿರುತ್ತೆ. ಡಬಲ್ ರೋಡ್ ಕಡೆಯ ಪೂರ್ವ ದ್ವಾರದಿಂದ ಬಂಡೆ ಮತ್ತು ಕೆಂಪೇಗೌಡರ ಗೋಪುರ ಹತ್ತಿರ. ಸುಮಾರು 300 ಕೋಟಿ ವರ್ಷದ ಹಳೆಯ ಕಲ್ಲು ಅದು, ಮಕ್ಕಳಿಗೆ ತೋರಿಸಲೇಬೇಕು. ಆದರೆ ಆಗಸ್ಟ್ ಮಳೆಯಲ್ಲಿ ಮೇಲ್ಮೈ ಜಾರುತ್ತೆ. ಹಿರಿಯರು ಕೆಳಗಿನ ಬೆಂಚಿನಲ್ಲೇ ಕೂರಲಿ. ಮಕ್ಕಳಿಗೆ ನುಣುಪು ಅಡಿಯ ಚಪ್ಪಲಿ ಬೇಡ.

ತೋಟ ಬೆಳಗ್ಗೆ 6ಕ್ಕೇ ತೆರೆಯುತ್ತೆ, ಸಂಜೆ 7ಕ್ಕೆ ಮುಚ್ಚುತ್ತೆ. ಪ್ರದರ್ಶನದ ದಿನಗಳಲ್ಲಿ ಟಿಕೆಟ್ ಬೇರೆ. ಈಚಿನ ಪ್ರದರ್ಶನಗಳಲ್ಲಿ ದೊಡ್ಡವರಿಗೆ ವಾರದ ದಿನ 80, ರಜೆ ಮತ್ತು ವಾರಾಂತ್ಯದಲ್ಲಿ 100, ಮಕ್ಕಳಿಗೆ 30 ರೂಪಾಯಿ ಇತ್ತು. ಆಗಸ್ಟ್ 15ರಂದು ಹೋಗಲೇಬೇಡಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅವತ್ತು ಗಾಜಿನಮನೆಯೊಳಗೆ ನಾವು ನಡೆಯೋದಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋಗೋದು. ಮಂಡಿ ನೋವಿನವರನ್ನು ಆ ನೂಕಿನಲ್ಲಿ ನಿಲ್ಲಿಸಬಾರದು. ಮಂಗಳವಾರ, ಬುಧವಾರದಂಥ ದಿನ ಹುಡುಕಿ, ನೇರ ಗಾಜಿನಮನೆಗೆ ಹೋಗಿ, ಉಳಿದ ತೋಟವನ್ನು ಆಮೇಲೆ ಸುತ್ತಿ. ನೀರಿನ ಬಾಟಲಿ ಸ್ಟೀಲಿನದು ಇರಲಿ, ಪ್ಲಾಸ್ಟಿಕ್ ಚೀಲ ಒಳಗೆ ಬಿಡೋದಿಲ್ಲ.

ಸಂಜೆ ರೈಲು ಹಿಡಿಯುವವರು ನಾಲ್ಕು ಗಂಟೆಗೆ ಗೇಟು ದಾಟಿರಬೇಕು. ಮೆಟ್ರೊ ಓಡುವ ಸಮಯ ಅರ್ಧ ಗಂಟೆಯೊಳಗೇ. ತಡವಾಗೋದು ಲಾಲ್‌ಬಾಗ್ ನಿಲ್ದಾಣದ ತಪಾಸಣೆ ಸಾಲಿನಲ್ಲಿ. ಕ್ಯೂಆರ್ ಇದ್ದರೂ ಬ್ಯಾಗ್ ತಪಾಸಣೆ ತಪ್ಪೋದಿಲ್ಲ. ಐದರ ಮೇಲೆ ಆಫೀಸು ಬಿಟ್ಟವರೂ ಸೇರಿಕೊಳ್ಳುತ್ತಾರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗ ಶುರುವಾದ ಮೇಲೆ ಹಸಿರು ಗಾಡಿಗಳು ಲಾಲ್‌ಬಾಗ್‌ಗೆ ಬರುವಾಗಲೇ ತುಂಬಿರುತ್ತವೆ.

ಸ್ಟೇರಿಂಗ್_ಸಕಲೇಶಪುರ

ಕಾರಿನ ಲೆಕ್ಕ ಹೇಳ್ತೀನಿ. ಹೆದ್ದಾರಿ ಚೆನ್ನಾಗಿದೆ, ಶಾಂತಿಗ್ರಾಮದಿಂದ ಶುರುವಾಗಿ ಬೆಂಗಳೂರು ಮುಟ್ಟೋವರೆಗೆ ಟೋಲ್‌ಗಳಿವೆ, ಫಾಸ್ಟ್ಯಾಗ್‌ನಲ್ಲಿ ದುಡ್ಡು ಹಾಕಿಸಿಕೊಂಡು ಹೊರಡಿ. ತೊಂದರೆ ಇರೋದು ಕೊನೆಯ ಐದಾರು ಕಿಲೋಮೀಟರಿನಲ್ಲಿ. ಪ್ರದರ್ಶನದ ದಿನಗಳಲ್ಲಿ ಲಾಲ್‌ಬಾಗ್ ಸುತ್ತಲಿನ ರಸ್ತೆಗಳಲ್ಲಿ ಗಾಡಿ ನಿಲ್ಲಿಸೋಕೆ ಸಂಚಾರ ಪೊಲೀಸರು ಬಿಡೋದಿಲ್ಲ, ನಿಲ್ಲಿಸಿದರೆ ಎತ್ತಿಕೊಂಡು ಹೋಗುತ್ತಾರೆ. ಕಾರುಗಳಿಗೆ ಸಾಮಾನ್ಯವಾಗಿ ತೋರಿಸೋದು ಶಾಂತಿನಗರ ಬಿಎಂಟಿಸಿ ನಿಲ್ದಾಣದ ಮಹಡಿ ಪಾರ್ಕಿಂಗ್, ಡಾ. ಮರೀಗೌಡ ರಸ್ತೆಯ ಹಾಪ್‌ಕಾಮ್ಸ್ ಜಾಗ, ಜೆ.ಸಿ. ರಸ್ತೆಯ ಪಾಲಿಕೆ ಪಾರ್ಕಿಂಗ್. ಮೂರರಲ್ಲಿ ಎಲ್ಲಿ ನಿಲ್ಲಿಸಿದರೂ ಆಮೇಲೆ ನಡೆಯಬೇಕು ಅಥವಾ ಆಟೊ ಹಿಡಿಯಬೇಕು. ಹಾಗಾಗಿ ಹಿರಿಯರನ್ನೂ ಮಕ್ಕಳನ್ನೂ ಗೇಟಿನಲ್ಲಿ ಇಳಿಸಿ, ಡ್ರೈವರ್ ಮಾತ್ರ ಪಾರ್ಕಿಂಗ್‌ಗೆ ಹೋಗೋದು ಒಳ್ಳೆಯದು.

ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿದೆ. ಕಾರನ್ನು ನಾಗಸಂದ್ರ ಮೆಟ್ರೊ ಪಾರ್ಕಿಂಗ್‌ನಲ್ಲಿ ಬಿಟ್ಟು ಅಲ್ಲಿಂದ ಹಸಿರು ರೈಲು. ಹದಿನೇಳು ನಿಲ್ದಾಣ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಸಂಜೆ ಬಂದು ಕಾರು ಹತ್ತಿದರೆ ನೇರ ಹೆದ್ದಾರಿ. ಭಾನುವಾರ ಆದರೆ ಇನ್ನೂ ಅನುಕೂಲ: ಸಂಜೆ ನೆಲಮಂಗಲದಲ್ಲಿ ದಟ್ಟಣೆ ಇರೋದು ಬೆಂಗಳೂರಿಗೆ ಮರಳುವವರ ಕಡೆ, ನಾವು ಅದರ ಎದುರು ದಿಕ್ಕಿಗೆ ಹೋಗುವವರು. ಶುಕ್ರವಾರ ಸಂಜೆ ಇದೇ ತಿರುಗುಮುರುಗಾಗಿ ನಮ್ಮ ಕಡೆಯೇ ಕಟ್ಟಿಕೊಳ್ಳುತ್ತೆ, ಆ ದಿನ ಬೇಡ.

ಆ್ಯಪ್ ಟ್ಯಾಕ್ಸಿ ಮಾಡುವವರು ಸುಮ್ಮನೆ "ಲಾಲ್‌ಬಾಗ್ ಬೊಟಾನಿಕಲ್ ಗಾರ್ಡನ್" ಅಂತ ಹಾಕಬೇಡಿ, ಗುರುತು ತೋಟದ ನಡುವೆ ಬಿದ್ದು ಡ್ರೈವರ್ ಯಾವುದೋ ಗೇಟಿಗೆ ಕರೆದೊಯ್ಯುತ್ತಾನೆ. "ಲಾಲ್‌ಬಾಗ್ ವೆಸ್ಟ್ ಗೇಟ್" ಅಂತ ಪೂರ್ತಿ ಬರೆಯಿರಿ. ಆಟೊ ಮೀಟರ್ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36, ಆಮೇಲೆ ಕಿ.ಮೀ.ಗೆ 18 ರೂಪಾಯಿ. ಮೆಜೆಸ್ಟಿಕ್‌ನಿಂದ ಐದು ಕಿ.ಮೀ. ಅಂತ ಹಿಡಿದರೆ 90. ಇದಕ್ಕಿಂತ ತುಂಬಾ ಮೇಲೆ ಕೇಳಿದರೆ ಮುಂದಿನ ಆಟೊ ನೋಡಿ. ಆರು ಜನಕ್ಕೆ ಎರಡು ಆಟೊ ಬೇಕಾಗುತ್ತೆ, ಆಗ ಮೆಟ್ರೊಗೂ ಇದಕ್ಕೂ ದುಡ್ಡಿನಲ್ಲಿ ಅಷ್ಟೇನೂ ವ್ಯತ್ಯಾಸ ಉಳಿಯಲ್ಲ.

ಕಾಫಿ_ಗಿಡ

ಚಿಕ್ಕಮಗಳೂರಿನವರೂ ಇದನ್ನು ಓದುತ್ತಿರಬಹುದು, ಅವರಿಗಾಗಿ. ನಮ್ಮಿಂದ 240 ಕಿ.ಮೀ. ಮೇಲೆ, ಬೇಲೂರು, ಹಾಸನದ ಮೇಲೆ ಬರುವ ಬಸ್ಸಿಗೆ ಮೇಲಿನದೆಲ್ಲ ಹಾಗೇ ಅನ್ವಯಿಸುತ್ತೆ. ಹಗಲು ಹೊರಟರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತೆ. ರಾತ್ರಿ ಬಸ್ಸಿಗೆ ಹೋಗಿ ಬೆಳಗಿನ ಲಾಲ್‌ಬಾಗ್ ನೋಡೋದೇ ಲೇಸು. ರೈಲಾದರೆ ಬೀರೂರಿಗೆ ಹೋಗಿ ಹುಬ್ಬಳ್ಳಿ ಕಡೆಯಿಂದ ಬರುವ ರಾತ್ರಿ ಗಾಡಿ ಹಿಡಿದು, ಅದು ಯಶವಂತಪುರದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ.

ಒಂದು ಎಚ್ಚರ: ಭಾನುವಾರ ಮೆಟ್ರೊ ಬೆಳಗ್ಗೆ 7ಕ್ಕೆ ಶುರು, ಉಳಿದ ದಿನಗಳಷ್ಟು ಬೇಗ ಅಲ್ಲ. ನಾಲ್ಕೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಆಟೊ ಹತ್ತಿದರೆ ರಾತ್ರಿ ದರ, ಒಂದೂವರೆ ಪಟ್ಟು. ಅದು 5ಕ್ಕೆ ಮುಗಿಯುತ್ತೆ, ತೋಟದ ಗೇಟು ತೆರೆಯೋದೂ 6ಕ್ಕೇ. ನಿಲ್ದಾಣದಲ್ಲೇ ಮುಖ ತೊಳೆದು ಕಾಫಿ ಕುಡಿದು ಐದರ ಮೇಲೆ ಹೊರಡಿ.

ಹೇಮಾವತಿ_ದಂಡೆ

ಎಲ್ಲರಿಗೂ ಧನ್ಯವಾದ. ಬುಧವಾರ, ಇಂಟರ್‌ಸಿಟಿ, ತುಮಕೂರು ರಸ್ತೆ ಕಡೆಯ ದ್ವಾರ, ವೆಸ್ಟ್ ಗೇಟ್ ಅಂತ ನಿರ್ಧರಿಸಿದೆವು. ಇನ್ನೊಂದೇ ಪ್ರಶ್ನೆ: ಗಾಜಿನಮನೆಯವರೆಗೂ ನಡೆಯೋಕಾಗದಿದ್ದರೆ ಒಳಗೆ ಏನಾದರೂ ಗಾಡಿ ಸಿಗುತ್ತಾ?

ಕೆಂಪು_ದಾಸವಾಳ

ತೋಟದೊಳಗೆ ಬ್ಯಾಟರಿ ಗಾಡಿಗಳು ಓಡುತ್ತವೆ, ದುಡ್ಡು ಕೊಟ್ಟು ಕೂರಬಹುದು. ಆದರೆ ಪ್ರದರ್ಶನದ ಜನಸಂದಣಿಯಲ್ಲಿ ಅದನ್ನೇ ನಂಬಿ ಹೋಗಬೇಡಿ. ಮಡಚುವ ಸಣ್ಣ ಸ್ಟೂಲು ಅಥವಾ ಊರುಗೋಲು ಜೊತೆಗಿರಲಿ. ಮೆಟ್ರೊದಲ್ಲಿ ಎರಡನ್ನೂ ಬಿಡುತ್ತಾರೆ. ಗೇಟಿನಲ್ಲಿ ಟಿಕೆಟ್ ತೆಗೆಯುವಾಗಲೇ ಗಾಡಿ ವಿಚಾರಿಸಿ, ಸಿಕ್ಕರೆ ಹೋಗುವಾಗ ನಡೆದು, ಬರುವಾಗ ಹತ್ತಿ. ದಣಿವು ಬರೋದು ವಾಪಸ್ ಬರುವಾಗಲೇ.