ಕಡ್ಡಿಯಂತೆ ಉದ್ದ ಬೆಳೆದ ದಾಸವಾಳ, ಉಳಿಸಬಹುದಾ?

ಪ್ರಶ್ನೆ
ಇದು ಅಮ್ಮ ಬೆಳೆಸಿದ ಕೆಂಪು ದಾಸವಾಳ. ಆರು ವರ್ಷದಿಂದ ಒಂದೇ ಕುಂಡದಲ್ಲಿದೆ. ಹೋದ ವರ್ಷ ಅಮ್ಮ ಹಾಸಿಗೆ ಹಿಡಿದ ಮೇಲೆ ಗಿಡದ ಕಡೆ ಯಾರೂ ನೋಡಲಿಲ್ಲ. ಕತ್ತಲೆ ಮೂಲೆಯಲ್ಲಿತ್ತು. ನೆನಪಾದಾಗ ಒಂದು ಚೊಂಬು ನೀರು, ಅಷ್ಟೇ. ಈಗ ನನ್ನ ಭುಜದಷ್ಟು ಎತ್ತರ ಆಗಿದೆ. ಮೂರು ಕೊಂಬೆ, ಕೆಳಗೆಲ್ಲ ಬೋಳು, ತುದಿಯಲ್ಲಿ ಒಂದು ಹಿಡಿ ಎಲೆ. ಹತ್ತು ತಿಂಗಳಿಂದ ಹೂವಿಲ್ಲ. ನೀರು ಹಾಕಿದರೆ ಅಂಚಿನಿಂದಲೇ ಇಳಿದು ತಳದಲ್ಲಿ ಹೊರಗೆ ಬರುತ್ತದೆ. ಕತ್ತರಿ ಹಿಡಿದು ನಿಂತೆ, ಧೈರ್ಯ ಬರಲಿಲ್ಲ. ಅಮ್ಮ ದಿನಾ "ಹೂ ಬಿಡ್ತಾ?" ಅಂತ ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಮೊದಲು ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕೊಂಬೆಗೆ ಜೀವ ಇದೆ.

ನಾನೂ ಹೀಗೇ ಹೆದರಿ, ಬರೀ ತುದಿಯ ಎರಡು ಇಂಚು ಚಿವುಟಿದ್ದೆ. ಚಿಗುರೆಲ್ಲ ಮತ್ತೆ ಮೇಲೆಯೇ ಬಂತು, ಕೆಳಗಿನ ಬೋಳು ಹಾಗೇ ಉಳಿಯಿತು. ತುದಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಪಕ್ಕದ ಚಿಗುರುಗಳನ್ನು ತಡೆದಿಡುತ್ತದೆ. ತುದಿ ಹೋದರೆ ಅವು ಏಳುತ್ತವೆ, ಆದರೆ ಕತ್ತರಿಸಿದ ಜಾಗಕ್ಕೆ ಹತ್ತಿರದ ಗಂಟುಗಳೇ (ಕೊಂಬೆಯಲ್ಲಿ ಎಲೆ ಹುಟ್ಟುವ ಜಾಗ) ಮೊದಲು. ಹಾಗಾಗಿ ಕವಲು ಎಲ್ಲಿ ಬೇಕೋ ಅಲ್ಲಿಗೇ ಇಳಿದು ಕತ್ತರಿಸಬೇಕು.

ಮೂರೂ ಕೊಂಬೆ ಒಟ್ಟಿಗೆ ಬೇಡ. ಆಹಾರ ತಯಾರಿಸುವುದು ಉಳಿದ ಎಲೆಗಳೇ ಅಲ್ವಾ? ಈಗ ಅತಿ ಉದ್ದದ್ದನ್ನು ಮಾತ್ರ ಮೊಣಕಾಲೆತ್ತರಕ್ಕೆ ತನ್ನಿ. ಹೊರಮುಖವಾಗಿರುವ ಗಂಟು ಹುಡುಕಿ, ಅದರ ಅರ್ಧ ಸೆಂಟಿಮೀಟರ್ ಮೇಲೆ ಕತ್ತರಿಸಿ. ಅದು ಚೆನ್ನಾಗಿ ಚಿಗುರಿದ ಮೇಲೆ ಎರಡನೆಯದು. ದಾಸವಾಳ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಕತ್ತರಿಸಿದರೆ ನಷ್ಟವಿಲ್ಲ. ಚಳಿ ಇದ್ದರೆ ಮಾತ್ರ ಕಾಯಿರಿ.

ಉತ್ತರ 2
ಕತ್ತರಿಗಿಂತ ಮೊದಲು ನೀರು! ಮಣ್ಣು ಒಣಗಿ ಕುಗ್ಗಿ ಕುಂಡದಿಂದ ಬಿಟ್ಟುಕೊಂಡಿದೆ, ಬೇರಿಗೆ ಹನಿಯೂ ತಲುಪುತ್ತಿಲ್ಲ. ಕುಂಡವನ್ನು ನೀರು ತುಂಬಿದ ಬಕೆಟ್‌ನಲ್ಲಿ ಅರ್ಧ ಗಂಟೆ ಮುಳುಗಿಸಿಡಿ, ಗುಳ್ಳೆ ನಿಲ್ಲಲಿ. ಆಮೇಲೆ ಪೂರ್ತಿ ಬಸಿಯಲು ಬಿಡಿ. ಬೇರು ಸುತ್ತಿಕೊಂಡಿದ್ದರೆ ಎರಡು ಇಂಚು ಅಗಲ ಜಾಸ್ತಿ ಇರುವ ಕುಂಡ ಸಾಕು. ತುಂಬಾ ದೊಡ್ಡದರಲ್ಲಿ ತೇವ ನಿಂತು ಬೇರು ಕೊಳೆಯುತ್ತದೆ. ಹೊಸ ಎಲೆ ಕಾಣುವವರೆಗೆ ಗೊಬ್ಬರ ಹಾಕಬೇಡಿ. ಬಿಸಿಲಿಗೂ ನಿಧಾನವಾಗಿ ಒಗ್ಗಿಸಿ. ಮೊದಲು ಬೆಳಗಿನ ಬಿಸಿಲಲ್ಲಿ ಒಂದು ಗಂಟೆ ಹೊತ್ತು ಇಡಿ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ದಿನಕ್ಕೆ ಆರು ಗಂಟೆ ಹೊತ್ತಿಗೆ ತನ್ನಿ. ಒಮ್ಮೆಲೇ ಇಟ್ಟರೆ ಎಲೆ ಸುಡುತ್ತದೆ.

ಪ್ರಶ್ನೆ ಕೇಳಿದವರು, ಮೂರೂವರೆ ತಿಂಗಳ ನಂತರ
ಇಬ್ಬರಿಗೂ ಧನ್ಯವಾದ. ಬಕೆಟ್‌ನಲ್ಲಿ ಹತ್ತು ನಿಮಿಷ ಗುಳ್ಳೆ ಬರುತ್ತಲೇ ಇತ್ತು, ನೋಡಿ ಸಂಕಟವಾಯಿತು. ಮೊದಲ ಕೊಂಬೆ ಮೂರನೇ ವಾರ ಚಿಗುರಿತು, ಐದು ಕಡೆ. ಎಳೆ ಚಿಗುರಿಗೆ ಹಿಟ್ಟು ತಿಗಣೆ (ಬಿಳಿ ಹಿಟ್ಟಿನಂತೆ ಅಂಟಿಕೊಂಡು ರಸ ಹೀರುವ ಕೀಟ) ಬಂತು. ಒದ್ದೆ ಹತ್ತಿಯಿಂದ ಒರೆಸಿ ತೆಗೆದೆ, ವಾರಕ್ಕೆ ಎರಡು ಸಲ. ಆಮೇಲೆ ಎರಡನೇ ಕೊಂಬೆಯನ್ನೂ ಕತ್ತರಿಸಿದೆ.

ನಿನ್ನೆ ಮೊದಲ ಹೂ ಅರಳಿತು. ಒಂದೇ ದಿನ ಇರುವುದಲ್ವಾ, ಅದಕ್ಕೆ ಕುಂಡವನ್ನೇ ಅಮ್ಮನ ಮಂಚದ ಪಕ್ಕಕ್ಕೆ ಎಳೆದು ತಂದೆ. ಅವರು ಹೂವನ್ನು ಮುಟ್ಟಲಿಲ್ಲ, ಕತ್ತರಿಸಿದ ಜಾಗವನ್ನು ಸವರಿ ನೋಡಿದರು. ಮೂರನೇ ಕೊಂಬೆಯಲ್ಲೂ ಈಗ ನಾಲ್ಕು ಮೊಗ್ಗಿದೆ. ಕತ್ತರಿಸಲಾ?

ಉತ್ತರ 1
ಬೇಡ, ಆ ನಾಲ್ಕೂ ಅರಳಲಿ. ಆಮೇಲೆ ನೋಡೋಣ.