ಹೊಸ ಕರಡು ದರ: ಮೇನ್ ರೋಡಿಗೂ ಮೇಲಿನ ಸಾಲಿಗೂ ಒಂದೇ

ಮನೆ 22, ಎರಡನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. ಮೆಸೇಜು ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಇವತ್ತು ಒಂದು ಕ್ರಯಪತ್ರದ ಕೆಲಸಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿದ್ದೆ. ನೋಟಿಸ್ ಬೋರ್ಡಿನಲ್ಲಿ ಹೊಸ ಮಾರ್ಗಸೂಚಿ ದರದ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ದರ) ಕರಡು ಅಂಟಿಸಿದ್ದಾರೆ. ನಮ್ಮ ಬಡಾವಣೆಗೆ ಇರುವುದು ಒಂದೇ ಸಾಲು: ಚದರ ಅಡಿಗೆ 1,300 ರೂಪಾಯಿ. ಈಗಿನ ದರ 1,000. ಮೇನ್ ರೋಡಿನ ಅಂಗಡಿಗಳಿಗೂ ಅದೇ, ಮೇಲೆ ಬರೆ (ಕಡಿದಾದ ಮಣ್ಣಿನ ದಿಬ್ಬ) ಪಕ್ಕದ ಸೈಟುಗಳಿಗೂ ಅದೇ. ಆಕ್ಷೇಪಣೆ ಕೊಡಲು 15 ದಿನ. ಅದರಲ್ಲಿ ನಾಲ್ಕು ದಿನ ಆಗಲೇ ಕಳೆದಿದೆ. ಎಲ್ಲರೂ ಸಹಿ ಹಾಕಿ ಬಡಾವಣೆಯಿಂದ ಒಂದು ಆಕ್ಷೇಪಣೆ ಪತ್ರ ಕೊಡೋಣ.

ಮನೆ 9:
ಅಣ್ಣ, ಇದು ಸೈಟ್ ಮಾರುವವರಿಗೆ, ಕೊಳ್ಳುವವರಿಗೆ ಅಲ್ವಾ? ನಾವು ಮನೆ ಕಟ್ಟಿಕೊಂಡು ಸುಮ್ನೆ ಇರುವವರು. ನಮಗೇನು?

ಮನೆ 22:
ಅಕ್ಕ, ನಿಮಗೂ ತಟ್ಟುತ್ತದೆ. 2021-22ರಿಂದ ಮನೆ ಕಂದಾಯದ ಲೆಕ್ಕ ಇದೇ ದರದ ಮೇಲೆ ನಿಂತಿದೆ. ಮಾರ್ಗಸೂಚಿ ಬೆಲೆಯ ಶೇ 25 ಭಾಗವನ್ನು ಹಿಡಿದು ಅದರ ಮೇಲೆ ಕಂದಾಯ ಹಾಕುತ್ತಾರೆ.

ಬರೀ ಜಾಗದ ಲೆಕ್ಕ ಹೇಳ್ತೇನೆ, ಕಟ್ಟಡ ಬೇರೆ. 30×40 ಸೈಟು ಅಂದ್ರೆ 1,200 ಚದರ ಅಡಿ. 1,000ದ ದರಕ್ಕೆ 12 ಲಕ್ಷ. ಅದರ ಕಾಲು ಭಾಗ 3 ಲಕ್ಷ. ಉದಾಹರಣೆಗೆ ಕಂದಾಯ ಶೇ 0.5 ಅಂತ ಇಟ್ಟುಕೊಳ್ಳಿ, 1,500 ರೂಪಾಯಿ ಆಯ್ತು. ಅದರ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಒಟ್ಟು 1,860. ಕಸದ ಸೆಸ್ ಇದರಲ್ಲಿ ಸೇರಿಲ್ಲ. ದರ 1,300 ಆದರೆ ಇದೇ ಲೆಕ್ಕ 2,418ಕ್ಕೆ ಹೋಗುತ್ತದೆ. ಮನೆ ಮಾರುವ ಯೋಚನೆಯೇ ಇಲ್ಲದವರೂ ವರ್ಷ ವರ್ಷ ಇದನ್ನು ಕಟ್ಟಬೇಕು.

ಮನೆ 31, ಮೇಲಿನ ಸಾಲು:
ನಮ್ಮ ಕಷ್ಟ ಯಾರಿಗಾದರೂ ಗೊತ್ತಾ? ನಮ್ಮ ಸಾಲಿನ ಸೈಟುಗಳು ಪಂಚಾಯ್ತಿ ಕಾಲದವು, ಲೇಔಟ್ ಅಪ್ರೂವಲ್ ಇಲ್ಲ. ಬಿ ಖಾತಾ (ಅಪ್ರೂವಲ್ ಇಲ್ಲದ ಸೈಟಿಗೆ ಕೊಡುವ ಖಾತಾ) ಬಂದಾಗ ಮೊದಲ ವರ್ಷ ಡಬಲ್ ಕಂದಾಯ ಕಟ್ಟಿದ್ದೇವೆ. ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಅಂದರು, ಅದಕ್ಕೆ ಕಟ್ಟಿದೆವು. ಆದರೆ ನಮಗೆ ರಸ್ತೆ ಎಲ್ಲಿದೆ? 62 ಮೆಟ್ಟಿಲು ಹತ್ತಬೇಕು. ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಬರುತ್ತದೆ. ಅತ್ತೆಯನ್ನು ಆಸ್ಪತ್ರೆಗೆ ಒಯ್ಯುವಾಗ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಇಳಿಸಿದರು. 2018ರ ಆಗಸ್ಟಿನಲ್ಲಿ ಹಿಂದಿನ ಬರೆ ಜರಿದು ಮಣ್ಣು ಅಡಿಗೆಮನೆ ಕಿಟಕಿವರೆಗೆ ಬಂದಿತ್ತು. ಅಂದಿನಿಂದ ಪ್ರತಿ ವರ್ಷ ಮಳೆಗೆ ಮೊದಲು ಟಾರ್ಪಾಲ್ ಹೊದಿಸಿ, ಮೇಲೆ ಮರಳಿನ ಚೀಲ ಇಡುತ್ತೇವೆ. ಇದಕ್ಕೂ ಮೇನ್ ರೋಡಿನ ದರವಾ?

ಮನೆ 27, ಮೇಲಿನ ಸಾಲು:
31ರ ಅಕ್ಕ ಹೇಳಿದ್ದು ನಿಜ. ನಮ್ಮ ಪಕ್ಕದ ಖಾಲಿ ಸೈಟ್ ನನ್ನ ಸ್ವಂತ ಅಕ್ಕನದು. ಮಗಳ ಓದಿಗೆ ಮಾರಬೇಕು ಅಂತ ಎರಡು ವರ್ಷದಿಂದ ನೋಡುತ್ತಿದ್ದಾಳೆ. ಒಬ್ಬರು ಬಂದು 9 ಲಕ್ಷ ಅಂದರು. ಬರೆ ನೋಡಿ ಅಷ್ಟೇ ಕೊಡ್ತೇನೆ ಅಂದರು. ಮಾತು ಮುಗಿಯುವ ಹಂತಕ್ಕೆ ಬಂದು ನಿಂತುಹೋಯಿತು.

ಮನೆ 22:
ಯಾಕೆ ನಿಂತಿತು ಅಂತ ನನಗೆ ಗೊತ್ತು, ಆ ವ್ಯವಹಾರಕ್ಕೆ ನಾನೂ ಓಡಾಡಿದ್ದೆ. ಅದೂ 30×40 ಸೈಟೇ. 9 ಲಕ್ಷಕ್ಕೆ ಕೊಟ್ಟರೂ ಮುದ್ರಾಂಕ ಶುಲ್ಕ ಮಾರ್ಗಸೂಚಿ ಬೆಲೆಯಾದ 12 ಲಕ್ಷದ ಮೇಲೆ. ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಒಟ್ಟು ಶೇ 7.6, ಅಂದರೆ 91,200 ರೂಪಾಯಿ. ಕರಡು ದರ ಜಾರಿಯಾದರೆ ಅದೇ ಸೈಟಿಗೆ 1,18,560.

ಅದಷ್ಟೇ ಅಲ್ಲ. ಮಾರಿದ ಬೆಲೆ ಮಾರ್ಗಸೂಚಿ ಬೆಲೆಗಿಂತ ತುಂಬ ಕಡಿಮೆ ಇದ್ದರೆ, ವ್ಯತ್ಯಾಸ ಶೇ 10 ದಾಟಿದರೆ, ಆದಾಯ ತೆರಿಗೆಯವರು ಮಾರ್ಗಸೂಚಿ ಬೆಲೆಯನ್ನೇ ಹಿಡಿಯುತ್ತಾರೆ. ಕೈಗೆ ಬಾರದ ದುಡ್ಡಿಗೂ ಅಕ್ಕ ತೆರಿಗೆ ಕಟ್ಟಬೇಕು. ಕೊಂಡವರಿಗೂ ಆ ವ್ಯತ್ಯಾಸ ಆದಾಯ ಅಂತಲೇ ಲೆಕ್ಕ. ಯಾರು ಮುಂದೆ ಬರುತ್ತಾರೆ ಹೇಳಿ? ಹೀಗೆ ನಿಂತುಹೋದ ವ್ಯವಹಾರ ಎಷ್ಟೋ ನೋಡಿದ್ದೇನೆ. ದುಡ್ಡಿನ ಅವಸರ ಇರುವವರೇ ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು. ಅದೇ ನನಗೆ ಸಂಕಟ.

ಮನೆ 14:
22ರವರೇ, ನೇರವಾಗಿ ಕೇಳ್ತೇನೆ, ಬೇಜಾರು ಮಾಡ್ಕೋಬೇಡಿ. ನೀವು ರಿಯಲ್ ಎಸ್ಟೇಟ್ ಮಾಡುವವರು. ದರ ಇಳಿದರೆ ನಿಮ್ಮ ವ್ಯಾಪಾರ ಸಲೀಸು. ನಮ್ಮ ಸಹಿ ಯಾಕೆ ಬೇಕು?

ಮನೆ 22:
ಕೇಳಿದ್ದು ಒಳ್ಳೆಯದಾಯ್ತು ಸರ್. ನಾನು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಾಯಿಸಿಕೊಂಡ ಏಜೆಂಟ್, ಸೈಟ್ ಮಾರಿದರೆ ನನಗೆ ಕಮಿಷನ್ ಬರುತ್ತದೆ. ಆ ಲಾಭ ಇಲ್ಲ ಅಂತ ಹೇಳುವುದಿಲ್ಲ. ನಮ್ಮ ಕಸುಬಿನವರು ತಮ್ಮದೇ ಮನವಿ ಕೊಡುತ್ತಿದ್ದಾರೆ: ದರ ಏರಿಸಬೇಡಿ, ನೋಂದಣಿ ಶುಲ್ಕ ಮೊದಲಿನಂತೆ ಶೇ 1 ಮಾಡಿ ಅಂತ. ಅದಕ್ಕೆ ನಾನು ಅಲ್ಲಿ ಸಹಿ ಹಾಕಿದ್ದೇನೆ. ಇಲ್ಲಿ ಅದನ್ನು ಸೇರಿಸುವುದು ಬೇಡ. ಬಡಾವಣೆಯ ಪತ್ರ ನಿವಾಸಿಗಳದ್ದೇ ಆಗಿರಲಿ. ನಾನು ಲೆಕ್ಕ ಹಾಕಿಕೊಡ್ತೇನೆ, ಕಾಗದ ಹೊಂದಿಸಿಕೊಡ್ತೇನೆ. ಮೊದಲ ಸಹಿ ಮೇಷ್ಟ್ರದ್ದು ಇರಲಿ.

ಮನೆ 3, ಮೇನ್ ರೋಡ್ (ಮೇಷ್ಟ್ರು):
ಓದುತ್ತಾ ಇದ್ದೇನೆ. ಒಂದು ಮಾತು. ದರ ಕಡಿಮೆ ಮಾಡಿ ಅಂತ ಕಣ್ಣುಮುಚ್ಚಿ ಬರೆಯಬೇಡಿ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪರಿಹಾರದ ಲೆಕ್ಕಕ್ಕೆ ಇದೇ ಮಾರ್ಗಸೂಚಿ ದರವನ್ನೂ ನೋಡುತ್ತಾರೆ. ನಾಳೆ ಮೇನ್ ರೋಡ್ ಅಗಲ ಮಾಡಿದರೆ ನಮ್ಮ ಸಾಲಿನವರ ಅಂಗಳ ಹೋಗುತ್ತದೆ. ಆಗ ಕಡಿಮೆ ದರ ನಮಗೇ ಪೆಟ್ಟು. ಬ್ಯಾಂಕಿನವರು ಸಾಲ ಕೊಡುವಾಗಲೂ ಇದನ್ನು ನೋಡುವುದುಂಟು. ನನ್ನ ಮನೆಗೆ 1,300 ಅಂದರೆ ನನಗೆ ತಕರಾರಿಲ್ಲ. ನಿಜವಾಗಿ ಅದಕ್ಕಿಂತ ಜಾಸ್ತಿಗೇ ಮಾರಾಟ ಆಗುತ್ತಿದೆ.

ಮನೆ 14:
ಮೇಷ್ಟ್ರೇ, ಇದು ನನಗೆ ಹೊಳೆದಿರಲಿಲ್ಲ.

ಮನೆ 22:
ಮೇಷ್ಟ್ರ ಮಾತು ಸರಿ, ನನ್ನ ತಪ್ಪು ತಿದ್ದಿದರು. ನಾನು ಬರೆದಿಟ್ಟಿದ್ದ ಪತ್ರದಲ್ಲಿ ‘ಹಳೇ ದರವನ್ನೇ ಮುಂದುವರಿಸಿ’ ಅಂತ ಇತ್ತು. ಅದನ್ನು ತೆಗೆದೆ. ಹೀಗೆ ಕೇಳೋಣ: ಒಂದೇ ಬಡಾವಣೆಯನ್ನು ಮೂರು ಸಾಲಾಗಿ ಬರೆಯಿರಿ. ಮೇನ್ ರೋಡಿಗೆ ತಾಗಿದ್ದು ಒಂದು. ಡಾಂಬರು ಹಾಕಿದ ಕ್ರಾಸುಗಳು ಎರಡನೆಯದು. ವಾಹನ ಹೋಗದ, ಬರೆ ಪಕ್ಕದ ಮೇಲಿನ ಸಾಲು ಮೂರನೆಯದು. ಪಟ್ಟಣಗಳ ದರಪಟ್ಟಿಯಲ್ಲಿ ರಸ್ತೆವಾರು ದರ ಹೊಸದೇನಲ್ಲ, ಅದೇ ಬೋರ್ಡಿನಲ್ಲಿ ಬೇರೆ ಕಡೆಗೆ ಹಾಗೆ ಬರೆದಿದ್ದಾರೆ.

ಸುಮ್ನೆ ‘ಜಾಸ್ತಿ ಆಯ್ತು’ ಅಂದರೆ ಈ ದರ ಗೊತ್ತುಮಾಡುವ ಮೌಲ್ಯಮಾಪನ ಉಪಸಮಿತಿ ಕೇಳುವುದಿಲ್ಲ. ಕಾಗದ ಬೇಕು. ಮೇಲಿನ ಸಾಲಿನಲ್ಲಿ ಆದ ಕ್ರಯಪತ್ರಗಳ ನಕಲು, ಮೆಟ್ಟಿಲಿನ ಫೋಟೋ, ಬರೆ ಜರಿದಾಗ ತೆಗೆದ ಫೋಟೋ. 2018ರಲ್ಲಿ ಪರಿಶೀಲನೆಗೆ ಬಂದವರು ಕೊಟ್ಟ ಪತ್ರ ಯಾರ ಹತ್ತಿರವಾದರೂ ಇದ್ದರೆ ಅದಕ್ಕೆ ಜಾಸ್ತಿ ಬೆಲೆ.

ಮನೆ 31:
ನಮ್ಮ ಹತ್ತಿರ ಇದೆ. ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಅಂಚು ಸ್ವಲ್ಪ ಒದ್ದೆಯಾಗಿದೆ. ಓದಲು ಬರುತ್ತದೆ.

ಮನೆ 9:
ಅಣ್ಣ, ನೀವು ಹೇಳಿದ ಮೇಲೆ ಕಂದಾಯದ ರಸೀದಿ ತೆಗೆದು ನೋಡಿದೆ. ನಮ್ಮದು 1994ರಲ್ಲಿ ಮಾವ ಕಟ್ಟಿಸಿದ ಹಂಚಿನ ಮನೆ. ದಾಖಲೆಯಲ್ಲಿ ಆರ್‌ಸಿಸಿ (ಕಾಂಕ್ರೀಟ್ ಛಾವಣಿ) ಅಂತ ಇದೆ, ಕಟ್ಟಿದ ವರ್ಷ 2015 ಅಂತ ಇದೆ! ಆ ವರ್ಷ ನಾವು ಬಚ್ಚಲುಮನೆ ಮಾತ್ರ ಹೊಸದಾಗಿ ಕಟ್ಟಿಸಿದ್ದು. ಇಷ್ಟು ವರ್ಷ ಹೀಗೇ ಕಟ್ಟಿದ್ದೇವಾ?

ಮನೆ 22:
ಅಕ್ಕ, ಅದು ದೊಡ್ಡ ತಪ್ಪು. ಕಟ್ಟಡ ಹಳೆಯದಾದಷ್ಟೂ ಸವಕಳಿ ಕಳೆಯಬೇಕು. ವರ್ಷ ತಪ್ಪಿದರೆ ಆ ಸವಕಳಿ ಸಿಗುವುದಿಲ್ಲ. ಹಂಚಿಗೂ ಆರ್‌ಸಿಸಿಗೂ ಕಟ್ಟಡದ ದರವೇ ಬೇರೆ. ಇದು ಮಾರ್ಗಸೂಚಿ ದರದ ಆಕ್ಷೇಪಣೆಯಲ್ಲಿ ಬರುವುದಿಲ್ಲ, ಕಂದಾಯ ವಿಭಾಗಕ್ಕೆ ಬೇರೆ ಅರ್ಜಿ ಕೊಡಬೇಕು. ಮನೆ ಲೈಸೆನ್ಸ್, ಹಳೇ ಕರೆಂಟ್ ಬಿಲ್, ಮಾವನ ಕಾಲದ ರಸೀದಿ ಏನಿದ್ದರೂ ತೆಗೆದಿಡಿ. ಉಳಿದವರೂ ಇವತ್ತು ರಾತ್ರಿ ನಿಮ್ಮ ನಿಮ್ಮ ರಸೀದಿ ನೋಡಿ. ಕಟ್ಟಿದ ವರ್ಷ, ಛಾವಣಿ, ಅಳತೆ. ಮೂರೇ ಸಾಕು.

ಮನೆ 18:
ನಮ್ಮದರಲ್ಲಿ ಅಳತೆ ತಪ್ಪಿದೆ. ಪಾರ್ಕಿಂಗ್ ಶೀಟನ್ನೂ ಮನೆ ಅಂತ ಸೇರಿಸಿದ್ದಾರೆ. ತೀರ್ಮಾನ ಆಗುವವರೆಗೆ ಈ ವರ್ಷದ ಕಂದಾಯ ನಿಲ್ಲಿಸೋಣವಾ?

ಮನೆ 3 (ಮೇಷ್ಟ್ರು):
ಬೇಡ, ಬೇಡ. ಏಪ್ರಿಲಿನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಸಿಕ್ಕಿದೆ. ಕಟ್ಟದವರು ಜೂನ್ ಮುಗಿಯುವುದರೊಳಗೆ ಕಟ್ಟಿಬಿಡಿ. ಜುಲೈನಿಂದ ತಿಂಗಳಿಗೆ ಶೇ 2 ದಂಡ ಬೀಳುತ್ತದೆ. ಬಾಕಿ ಇಟ್ಟುಕೊಂಡು ನ್ಯಾಯ ಕೇಳಲು ಹೋದರೆ ಮೊದಲು ಬಾಕಿ ಮಾತೇ ಎತ್ತುತ್ತಾರೆ.

ಮನೆ 14:
ನಾನೂ ಸಹಿ ಹಾಕ್ತೇನೆ. ಮೂರು ಸಾಲಿನ ನಕ್ಷೆ ನಾನು ಬರೆದುಕೊಡ್ತೇನೆ, ಸರ್ವೆ ಕೆಲಸ ಮಾಡಿ ಅಭ್ಯಾಸ ಇದೆ. 22ರವರೇ, ಬೆಳಿಗ್ಗೆ ಕೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮನೆ 22:
ಇಲ್ಲ ಸರ್, ನೀವು ಕೇಳಿದ್ದಕ್ಕೇ ಪತ್ರ ನೇರ ಆಯ್ತು. ಭಾನುವಾರ ಸಂಜೆ 4 ಗಂಟೆಗೆ ಮೇಷ್ಟ್ರ ಮನೆ ಜಗಲಿಯಲ್ಲಿ ಸೇರೋಣ. ಪ್ರತಿ ಮನೆಯಿಂದ ಒಬ್ಬರು ಬಂದರೂ ಸಾಕು. ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬರೋಣ, ನಕಲು ಮಡಿಕೇರಿಗೆ, ಜಿಲ್ಲಾಧಿಕಾರಿಗಳಿಗೆ. ಅದಕ್ಕೆ ಮೊದಲು ಶನಿವಾರ ಮೇಲಿನ ಸಾಲಿನ ಫೋಟೋ, ಅಳತೆ ಆಗಬೇಕು. 14ರ ಸರ್ ಮತ್ತು ನಾನು ಬರ್ತೇವೆ.

ಮನೆ 27:
ಅಕ್ಕನಿಗೆ ಹೇಳಿದ್ದೇನೆ. ಸೈಟಿನ ಕಾಗದ ಎಲ್ಲ ಹಿಡಿದುಕೊಂಡು ಬರ್ತಾಳೆ.

ಮನೆ 31:
ಶನಿವಾರ ಬೆಳಿಗ್ಗೆ ಬನ್ನಿ, ಕಾಫಿ ಇಲ್ಲೇ. ಮಳೆ ಹಿಡಿದಿದೆ, 40ನೇ ಮೆಟ್ಟಿಲಿನ ಹತ್ತಿರ ಪಾಚಿ ಇದೆ. ಎಡಗಡೆ ಪೈಪ್ ಹಿಡಿದುಕೊಂಡು ಹತ್ತಿ.