ದಿಂಬಿನಡಿ ಬಿಸ್ಕತ್ತು, ಚಾಪೆಯ ಸುರುಳಿಯಲ್ಲಿ ಚಪಾತಿ: ನಾಯಿ ಹೀಗೆ ಬಚ್ಚಿಡುವುದೇಕೆ?

ಪ್ರಶ್ನೆ (ಶಿವಮೊಗ್ಗದಿಂದ)

ನಮ್ಮ ಬೆಳ್ಳಿಗೆ ಈಗ ಮೂರು ವರ್ಷ. ಬೀದಿಯಲ್ಲಿ ಹುಟ್ಟಿದ ಮರಿ. ಒಂದು ಮಳೆಗಾಲದ ರಾತ್ರಿ ನೆನೆದು ನಡುಗುತ್ತ ಗೇಟಿನೊಳಗೆ ನುಸುಳಿದವಳು ಇಲ್ಲಿಯೇ ಉಳಿದುಬಿಟ್ಟಳು. ಎರಡು ಹೊತ್ತಿನ ಊಟವನ್ನು ತಟ್ಟೆ ನೆಕ್ಕಿ ಮುಗಿಸುತ್ತಾಳೆ, ಅದರಲ್ಲಿ ತಕರಾರಿಲ್ಲ. ಆದರೆ ಸಂಜೆ ಕೊಡುವ ಬಿಸ್ಕತ್ತು, ಅಗಿಯುವ ಕಡ್ಡಿ, ಮಿಕ್ಕ ಚಪಾತಿ, ಇವುಗಳಲ್ಲಿ ಯಾವುದನ್ನೂ ಕೊಟ್ಟ ಜಾಗದಲ್ಲಿ ತಿನ್ನುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡು, ಸಣ್ಣಗೆ ಕುಂಯ್‌ಗುಟ್ಟುತ್ತ, ಕೋಣೆಯಿಂದ ಕೋಣೆಗೆ ಅಲೆದು, ಕೊನೆಗೆ ಅಜ್ಜಿಯ ದಿಂಬಿನಡಿಯಲ್ಲೋ ಸುತ್ತಿಟ್ಟ ಚಾಪೆಯೊಳಗೋ ತುರುಕುತ್ತಾಳೆ. ಆಮೇಲೆ ಬರಿಯ ನೆಲದ ಮೇಲಿರುವ ಕಾಣದ ಮಣ್ಣನ್ನು ಮೂಗಿನಿಂದ ಎಳೆದು ಮುಚ್ಚುವವಳಂತೆ ನಾಲ್ಕೂ ಕಡೆಯಿಂದ ನೂಕುತ್ತಾಳೆ. ನಾವು ನೋಡುತ್ತಿದ್ದೇವೆಂದು ಗೊತ್ತಾದರೆ ಮುಗಿಯಿತು, ಎಲ್ಲವನ್ನೂ ಹೊರತೆಗೆದು ಬೇರೆ ಜಾಗ ಹುಡುಕಲು ಹೊರಡುತ್ತಾಳೆ.

ಇಷ್ಟು ದಿನ ಇದನ್ನು ನಗುತ್ತ ನೋಡುತ್ತಿದ್ದೆವು. ಆದರೆ ಎರಡು ವಾರಗಳಿಂದ ಬಿಸ್ಕತ್ತಿನ ಬದಲು ರಬ್ಬರ್ ಚೆಂಡು, ಹರಿದ ಬಟ್ಟೆಯ ಮೊಲ, ಮಗನ ಒಂದು ಕಾಲುಚೀಲ ಇವುಗಳನ್ನು ಮಂಚದಡಿಗೆ ಸಾಗಿಸಿ, ಅವುಗಳ ಪಕ್ಕದಲ್ಲಿಯೇ ಮಲಗಿರುತ್ತಾಳೆ. ಮೊನ್ನೆ ಮಗ ಚೆಂಡಿಗೆ ಕೈ ಹಾಕಿದಾಗ ಮೊದಲ ಬಾರಿಗೆ ಗುರ್ರೆಂದಳು. ಗದರಿಸಬೇಕೇ, ಸುಮ್ಮನಿರಬೇಕೇ, ಅಥವಾ ನಮ್ಮ ಸಾಕಣೆಯಲ್ಲಿಯೇ ಏನಾದರೂ ಕೊರತೆಯಿದೆಯೇ?

ಉತ್ತರ 1 (ಹಾಸನದಿಂದ)

ಮೊದಲ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ. ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ತೋಟದ ಮನೆಯಲ್ಲಿ ಏಳು ನಾಯಿಗಳು ಬಾಳಿವೆ, ಅವುಗಳಲ್ಲಿ ನಾಲ್ಕಕ್ಕೆ ಈ ಚಾಳಿ ಇತ್ತು. ಇದು ಹಸಿವಿನ ಗುರುತಲ್ಲ, ಹೊಟ್ಟೆ ತುಂಬಿದ್ದರ ಗುರುತು. ದೊಡ್ಡ ಬೇಟೆ ಸಿಕ್ಕಾಗ ತೋಳಗಳು ತಿಂದು ಮಿಕ್ಕ ಮಾಂಸವನ್ನು ಹೂತಿಡುತ್ತವೆ. ಹೊಟ್ಟೆಯಲ್ಲಿ ತುಂಬಿಕೊಂಡು ದೂರ ಹೋಗಿ ಕುಳಿಯಲ್ಲಿ ಕಕ್ಕಿ ಮುಚ್ಚುವುದೂ ಉಂಟು. ನರಿಜಾತಿಯ ಪ್ರಾಣಿಗಳು ಇನ್ನೂ ಜಾಣ: ಎಲ್ಲವನ್ನೂ ಒಂದೇ ಕಡೆ ಇಟ್ಟರೆ ಒಬ್ಬ ಕಳ್ಳನಿಗೆ ಇಡೀ ಗಂಟು ಸಿಗುತ್ತದೆಂದೋ ಏನೋ, ಒಂದೊಂದು ತುಣುಕನ್ನು ಒಂದೊಂದು ಕುಳಿಯಲ್ಲಿ ಹಂಚಿಡುತ್ತವೆ. ಮುಂಗಾಲಿನಿಂದ ಕೆರೆಯುವುದು, ವಸ್ತುವನ್ನು ಇಳಿಸುವುದು, ಮೂಗಿನಿಂದ ಮಣ್ಣು ನೂಕಿ ಮುಚ್ಚುವುದು, ಇದು ಇವುಗಳ ಕುಲಕ್ಕೆಲ್ಲ ಒಂದೇ ಕ್ರಮ. ಅಗೆಯುವುದು ಕಾಲಿನ ಕೆಲಸ, ಮುಚ್ಚುವುದು ಮೂಗಿನ ಕೆಲಸ. ನಿಮ್ಮ ಬೆಳ್ಳಿ ಬರಿಯ ನೆಲದ ಮೇಲೆ ಮಾಡುತ್ತಿರುವುದು ಆ ಕೊನೆಯ ಹಂತವನ್ನು. ಮಣ್ಣಿಲ್ಲವೆಂಬುದು ಅವಳ ಕಣ್ಣಿಗೆ ತಿಳಿದಿರಬಹುದು, ಮೂಗು ಒಪ್ಪುವುದಿಲ್ಲ.

ಒಮ್ಮೆ ಅವಳ ಮೂಗಿನ ಮೇಲ್ಭಾಗವನ್ನು ನೋಡಿರಿ. ನಮ್ಮ ನಾಯಿ ಕರಿಯ, ಗಾರೆ ನೆಲದ ಮೇಲೆ ಹೀಗೆಯೇ ಉಜ್ಜಿ ಉಜ್ಜಿ, ಕೂದಲು ಆರಂಭವಾಗುವ ಜಾಗದಲ್ಲಿ ಕಾಸಿನಗಲ ಚರ್ಮ ಕಿತ್ತುಕೊಂಡಿದ್ದ. ಹಿತ್ತಿಲ ಮೂಲೆಯಲ್ಲಿ ನಾಲ್ಕು ಬುಟ್ಟಿ ಮರಳು ಸುರಿದು, ಮೊದಲ ಕಡ್ಡಿಯನ್ನು ನಾನೇ ಅರ್ಧ ಹೂತು ತೋರಿಸಿದ ಮೇಲೆ ದಿಂಬುಗಳಿಗೆ ಬಿಡುಗಡೆ ಸಿಕ್ಕಿತು. ಫ್ಲ್ಯಾಟಿನಲ್ಲಿರುವವರು ಒಂದು ಡಬ್ಬಿಗೆ ಹಳೆಯ ಪಂಚೆ, ಟವೆಲುಗಳ ತುಂಡು ತುಂಬಿಟ್ಟರೂ ಸಾಕು.

ಮಳೆಗಾಲದಲ್ಲಿ ಒಂದು ಎಚ್ಚರಿಕೆ ಬೇಕು. ಮಲೆನಾಡಿನ ತೇವದಲ್ಲಿ ಬಚ್ಚಿಟ್ಟ ಚಪಾತಿ ಬೇಗ ಬೂಷ್ಟು ಹಿಡಿಯುತ್ತದೆ, ಬೂಷ್ಟು ಹಿಡಿದದ್ದನ್ನು ತಿಂದ ನಾಯಿಗೆ ವಾಂತಿ ಮಾತ್ರವಲ್ಲ, ಮೈನಡುಕ, ಸೆಳವು ಕೂಡ ಬರಬಹುದು. ವಾರಕ್ಕೊಮ್ಮೆ, ಅವಳು ಹೊರಗೆ ಹೋಗಿರುವಾಗ, ಬಚ್ಚಿಟ್ಟ ಜಾಗಗಳನ್ನೆಲ್ಲ ಶೋಧಿಸಿರಿ. ಅವಳೆದುರು ಮಾಡಬೇಡಿ, ಇನ್ನೂ ಗುಟ್ಟಾದ ಜಾಗ ಹುಡುಕುತ್ತಾಳೆ, ಅಷ್ಟೆ. ಅಂದಹಾಗೆ, ಮನೆಯಲ್ಲಿ ಚಾಕೊಲೇಟು, ಒಣದ್ರಾಕ್ಷಿಯ ಪೊಟ್ಟಣ ಅವಳ ಬಾಯಿಗೆ ಎಟುಕುವಲ್ಲಿ ಇರಲೇಬಾರದು. ಎರಡೂ ನಾಯಿಗೆ ವಿಷ. ಬಚ್ಚಿಡುವ ನಾಯಿ ಯಾವುದನ್ನು ಯಾವಾಗ ತಿಂದಿತೆಂಬುದು ನಿಮಗೆ ತಿಳಿಯುವುದೇ ಇಲ್ಲ.

ಉತ್ತರ 2 (ಧಾರವಾಡದಿಂದ, ಪಶುವೈದ್ಯಕೀಯ ಓದಿದವಳು)

ಮೇಲಿನ ಉತ್ತರ ಸರಿಯಾಗಿದೆ, ಆದರೆ ನೀವು ಬರೆದ ಎರಡನೆಯ ಭಾಗ ಬೇರೆಯದೇ ವಿಷಯ. ಒಂದೇ ಪ್ರಶ್ನೆ ಕೇಳುತ್ತೇನೆ: ಬೆಳ್ಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆಯೇ? ಆಗಿಲ್ಲದಿದ್ದರೆ, ಅವಳು ಕೊನೆಯ ಬಾರಿ ಬೆದೆಗೆ ಬಂದದ್ದು ಯಾವಾಗ?

ಹೆಣ್ಣುನಾಯಿ ಗಬ್ಬವಾಗದಿದ್ದರೂ, ಗಂಡಿನ ಸಂಗವೇ ಆಗದಿದ್ದರೂ, ಬೆದೆ ಮುಗಿದು ಸುಮಾರು ಆರರಿಂದ ಹನ್ನೆರಡು ವಾರಗಳ ಅವಧಿಯಲ್ಲಿ ಅವಳ ದೇಹವು ಮರಿ ಹಾಕಿದಂತೆಯೇ ವರ್ತಿಸಬಹುದು. ಗರ್ಭವನ್ನು ಕಾಯುವ ಹಾರ್ಮೋನು ಪ್ರೊಜೆಸ್ಟರಾನ್ ಇಳಿದು, ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುವಾಗ ತಾಯ್ತನದ ನಡವಳಿಕೆಗಳೆಲ್ಲ ಎಚ್ಚರಗೊಳ್ಳುತ್ತವೆ: ಗೂಡು ಮಾಡುವುದು, ಆಟಿಕೆಗಳನ್ನು ಮರಿಗಳಂತೆ ಒಟ್ಟುಗೂಡಿಸುವುದು, ಯಾರಾದರೂ ಮುಟ್ಟಿದರೆ ಗುರ್ರೆನ್ನುವುದು. ಇದನ್ನು ಸುಳ್ಳು ಗರ್ಭ ಎನ್ನುತ್ತಾರೆ. ಬಿಸ್ಕತ್ತನ್ನು ಮುಚ್ಚಿಟ್ಟು ಹೊರಟುಹೋಗುವ ನಾಯಿಗೂ ಚೆಂಡಿನ ಪಕ್ಕದಲ್ಲಿ ಕಾವಲು ಮಲಗುವ ನಾಯಿಗೂ ಇರುವ ವ್ಯತ್ಯಾಸವೇ ಇಲ್ಲಿ ಮುಖ್ಯ.

ಮೊಲೆಗಳು ಊದಿವೆಯೇ ನೋಡಿರಿ. ಹಾಲಿದ್ದರೆ ಹಿಂಡಬೇಡಿ, ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆದರೂ ವೈದ್ಯರಿಗೆ ಒಮ್ಮೆ ತೋರಿಸಿರಿ. ಬೆದೆಯಾದ ಕೆಲವು ವಾರಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯೂ ಬರುತ್ತದೆ. ವಿಪರೀತ ಬಾಯಾರಿಕೆ, ಮಂಕು, ಕೆಟ್ಟ ವಾಸನೆಯ ಸ್ರಾವ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆ ಮಾಡಿಸುವುದಾದರೆ ಈ ಸ್ಥಿತಿ ಪೂರ್ತಿ ಕಳೆದ ಮೇಲೆ ಮಾಡಿಸಿರಿ, ನಡುವೆ ಮಾಡಿಸಿದರೆ ಸುಳ್ಳು ಗರ್ಭದ ಲಕ್ಷಣಗಳು ದೀರ್ಘಕಾಲ ಉಳಿದುಕೊಳ್ಳುವುದುಂಟು.

ಉತ್ತರ 3 (ಬೆಂಗಳೂರಿನಿಂದ)

ನನ್ನ ಪ್ರಕಾರ ಆಟಿಕೆಗಳನ್ನೆಲ್ಲ ಇವತ್ತೇ ಕಿತ್ತುಕೊಂಡು ಕಪಾಟಿಗೆ ಹಾಕಿ ಬೀಗ ಜಡಿಯಿರಿ. ಮಗುವಿರುವ ಮನೆಯಲ್ಲಿ ಗುರ್ರೆನ್ನಲು ಬಿಟ್ಟರೆ ನಾಳೆ ಕಚ್ಚುತ್ತದೆ.

ಉತ್ತರ 2 ಬರೆದವರಿಂದ ಮತ್ತೆ

ತೆಗೆಯುವುದು ಸರಿ, ಕಿತ್ತುಕೊಳ್ಳುವುದು ಸರಿಯಲ್ಲ. ಗುರ್ರೆನ್ನುವುದು ನಾಯಿ ಕೊಡುವ ಮುನ್ಸೂಚನೆ. ಅದಕ್ಕೆ ಏಟು ಕೊಟ್ಟರೆ ಮುಂದಿನ ಸಲ ಸೂಚನೆಯಿಲ್ಲದೆ ಬಾಯಿ ಹಾಕುವುದನ್ನು ಕಲಿಸಿದಂತಾಗುತ್ತದೆ. ಬೇಯಿಸಿದ ಕೋಳಿಯ ಮೂಳೆಯಿಲ್ಲದ ತುಂಡನ್ನು ತೋರಿಸಿ ಹೊರಗೆ ಕರೆಯಿರಿ, ಅವಳು ಅಂಗಳದಲ್ಲಿರುವಾಗ ಇನ್ನೊಬ್ಬರು ಮಂಚದಡಿಯನ್ನು ಖಾಲಿ ಮಾಡಲಿ. ಅಲ್ಲಿಯವರೆಗೆ ಮಗ ಮಂಚದ ಹತ್ತಿರ ಹೋಗದಂತೆ ನೋಡಿಕೊಳ್ಳಿರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಶಸ್ತ್ರಚಿಕಿತ್ಸೆ ಆಗಿಲ್ಲ. ಕ್ಯಾಲೆಂಡರ್ ತೆಗೆದು ನೋಡಿದೆ; ಬೆದೆ ಮುಗಿದು ಒಂಬತ್ತು ವಾರಗಳಾಗಿವೆ. ನಿನ್ನೆ ವೈದ್ಯರಿಗೆ ತೋರಿಸಿದೆವು, ಸುಳ್ಳು ಗರ್ಭವೆಂದೇ ಹೇಳಿದರು, ಸದ್ಯಕ್ಕೆ ಔಷಧ ಬೇಡವೆಂದರು. ಕೋಳಿಯ ಆಸೆ ತೋರಿಸಿ ಅಂಗಳಕ್ಕೆ ಕರೆದಾಗ ನಾಲ್ಕು ಹೆಜ್ಜೆ ಬಂದು, ಹಿಂದಿರುಗಿ ಮಂಚದಡಿ ಇಣುಕಿ, ಮತ್ತೆ ಬಂದಳು. ಮಂಚದಡಿಯಲ್ಲಿ ಚೆಂಡು, ಮೊಲ, ಕಾಲುಚೀಲದ ಜೊತೆಗೆ ಅಜ್ಜಿ ಎರಡು ತಿಂಗಳಿಂದ ಹುಡುಕುತ್ತಿದ್ದ ಕನ್ನಡಕದ ಡಬ್ಬಿಯೂ ಸಿಕ್ಕಿತು, ಮುಚ್ಚಳದ ಮೇಲೆ ಹಲ್ಲಿನ ಒಂದು ಗುರುತೂ ಇಲ್ಲ. ಹಿತ್ತಿಲಿಗೆ ನಾಳೆ ಮರಳು ತರಿಸುತ್ತಿದ್ದೇನೆ.